ಉಗ್ರಾಣದ ಕೀಲಿಕೈ ಯಾರ ಕೈಯಲ್ಲಿ?

ಕಾಲೇಜುಗಳು ಆರಂಭವಾಗುವ ದಿನಗಳಲ್ಲಿ ನಮಗೆ ಬರುವ ಆಮಂತ್ರಣ ಪತ್ರಿಕೆಗಳಲ್ಲಿ ‘ನಾಯಕತ್ವ ಶಿಬಿರ’ದ ಆಮಂತ್ರಣಗಳು ಈಚೆಗೆ ಹೆಚ್ಚಾಗಿವೆ. ಎರಡು ದಿನದ ಶಿಬಿರ. ಉದ್ಘಾಟನೆ, ಅತಿಥಿಗಳ ಉಪನ್ಯಾಸ, ಧ್ವನಿವರ್ಧಕದ ಮುಂದೆ ಅಳುಕಿಲ್ಲದೆ ನಿಲ್ಲುವ ಅಭ್ಯಾಸ, ಕೈಕುಲುಕುವ ರೀತಿ, ಉಡುಪು ಧರಿಸುವ ರೀತಿ, ಕೊನೆಗೊಂದು ಪ್ರಮಾಣಪತ್ರ, ಒಂದು ಸಮೂಹ ಛಾಯಾಚಿತ್ರ. ಇದರಿಂದ ಕೆಡುಕೇನೂ ಇಲ್ಲ. ಹಳ್ಳಿಯಿಂದ ಬಂದ ಸಂಕೋಚ ಸ್ವಭಾವದ ಹುಡುಗನೋ ಹುಡುಗಿಯೋ ನಾಲ್ಕು ಜನರೆದುರು ಬಾಯಿ ಬಿಡುವುದನ್ನು ಕಲಿತರೆ ಸಂತೋಷದ ಸಂಗತಿಯೇ. ಆದರೆ ಮಾತು ಬಲ್ಲವರೆಲ್ಲರೂ ನಾಯಕರಾಗುವುದಾದರೆ ಈ ನಾಡಿಗೆ ನಾಯಕರ ಬರ ಎಂದೂ ಬರುತ್ತಿರಲಿಲ್ಲ.

ವಾಚಕರೇ, ನಾಯಕತ್ವವೆಂಬುದನ್ನು ನಾವು ಬಹಳ ಎತ್ತರದ ಸ್ಥಳದಲ್ಲಿ ಹುಡುಕುತ್ತೇವೆ. ಅದು ಇರುವುದು ತೀರ ಕೆಳಗೆ, ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ. ಮತ್ತೊಬ್ಬರ ಅನ್ನ, ಮತ್ತೊಬ್ಬರ ಹಣ, ಮತ್ತೊಬ್ಬರ ವೇಳೆ ತನ್ನ ಸ್ವಾಧೀನಕ್ಕೆ ಬಂದಾಗ ಒಬ್ಬ ಇಪ್ಪತ್ತು ವರ್ಷದ ತರುಣ ಹೇಗೆ ನಡೆದುಕೊಳ್ಳುತ್ತಾನೆ, ಅವಧಿ ಮುಗಿದ ಮೇಲೆ ಲೆಕ್ಕ ಒಪ್ಪಿಸಿ ಕೀಲಿಕೈಯನ್ನು ಇನ್ನೊಬ್ಬನಿಗಿತ್ತು ಪಂಕ್ತಿಯಲ್ಲಿ ತಾನೂ ಒಬ್ಬನಾಗಿ ಹೇಗೆ ಕುಳಿತುಕೊಳ್ಳುತ್ತಾನೆ ಎಂಬುದರಲ್ಲಿ ಅದರ ಪರೀಕ್ಷೆಯಿದೆ. ಈ ಪರೀಕ್ಷೆಗೆ ನಮ್ಮ ವಿದ್ಯಾರ್ಥಿ ನಿಲಯಗಳಷ್ಟು ತಕ್ಕ ಸ್ಥಳ ಬೇರೊಂದಿಲ್ಲ. ಒಂದು ಕಾಲದಲ್ಲಿ ಅವು ಈ ಕೆಲಸವನ್ನು ಮಾಡುತ್ತಿದ್ದವು ಕೂಡ.

ಹಿನ್ನೆಲೆಯನ್ನು ಸ್ವಲ್ಪ ನೆನೆಯೋಣ. ಗುಬ್ಬಿ ತೋಟದಪ್ಪನವರು ಬೆಂಗಳೂರಿನಲ್ಲಿ 1903ರಲ್ಲಿ ಧರ್ಮಛತ್ರವನ್ನು ಸ್ಥಾಪಿಸಿದರು. ಅವರ ದಾನದಿಂದಲೇ ಬಡ ವಿದ್ಯಾರ್ಥಿಗಳಿಗೆ ಉಚಿತ ವಸತಿ ಭೋಜನಗಳು ದೊರೆತವು. ಧಾರವಾಡದ ಮುರುಘಾಮಠದಲ್ಲಿ ಪೂಜ್ಯ ಮೃತ್ಯುಂಜಯ ಅಪ್ಪಗಳವರು ಉಚಿತ ಪ್ರಸಾದ ನಿಲಯವನ್ನು ನಡೆಸಿದರು. ತುಮಕೂರಿನ ಸಿದ್ಧಗಂಗೆಯ ವಿಷಯವನ್ನು ಹೊಸದಾಗಿ ಹೇಳಬೇಕಾದ್ದಿಲ್ಲ. ಅಂದು ಹಳ್ಳಿಯ ಒಕ್ಕಲು ಮಕ್ಕಳಿಗೆ ಪಟ್ಟಣದಲ್ಲಿ ಶಾಲೆಯಿತ್ತು, ತಲೆಯ ಮೇಲೆ ಸೂರಿರಲಿಲ್ಲ, ಹೊಟ್ಟೆಗೆ ಅನ್ನವಿರಲಿಲ್ಲ. ಈ ಎರಡನ್ನೂ ಒದಗಿಸಿದ್ದರಿಂದ ವಿದ್ಯೆ ದೊರಕಿತೆಂದು ಎಲ್ಲರೂ ಹೇಳುತ್ತಾರೆ. ಅದೇ ಸೂರಿನಡಿಯಲ್ಲಿ ನೂರಾರು ತರುಣರು ಕೂಡಿ ಬಾಳುವ ಒಂದು ಸಣ್ಣ ರಾಜ್ಯವೇ ಏರ್ಪಟ್ಟಿತು, ಆ ರಾಜ್ಯದ ಆಡಳಿತದ ದೊಡ್ಡ ಪಾಲು ವಿದ್ಯಾರ್ಥಿಗಳ ಕೈಯಲ್ಲೇ ಇತ್ತು ಎಂಬುದನ್ನು ಮಾತ್ರ ಹೇಳುವವರು ಕಡಿಮೆ.

ಎಪ್ಪತ್ತರ ದಶಕದಲ್ಲಿ ನಾವು ಓದಿದ ನಿಲಯದಲ್ಲಿ ನೂರಿಪ್ಪತ್ತು ವಿದ್ಯಾರ್ಥಿಗಳಿದ್ದರು. ಅಡುಗೆಯವರು ಇಬ್ಬರೇ. ಉಳಿದ ಕೆಲಸವೆಲ್ಲ ಪಾಳಿಯ ಮೇಲೆ ನಡೆಯುತ್ತಿತ್ತು. ನೀರು ಸೇದುವ ಪಾಳಿ, ಕಾಯಿಪಲ್ಯ ಹೆಚ್ಚುವ ಪಾಳಿ, ಬಡಿಸುವ ಪಾಳಿ, ಅಂಗಳ ಗುಡಿಸುವ ಪಾಳಿ. ಪ್ರತಿ ತಿಂಗಳು ಇಬ್ಬರು ವಿದ್ಯಾರ್ಥಿಗಳನ್ನು ಉಗ್ರಾಣಕ್ಕೆ ನೇಮಿಸಲಾಗುತ್ತಿತ್ತು. ಹಿಂದಿನ ತಿಂಗಳ ಇಬ್ಬರು ಹೊಸಬರೆದುರಿನಲ್ಲಿ ಜೋಳದ ಚೀಲಗಳನ್ನು ಎಣಿಸಿ, ಬೇಳೆ ಬೆಲ್ಲಗಳನ್ನು ತೂಗಿ, ಎಣ್ಣೆಯ ಡಬ್ಬಿಗಳನ್ನು ಅಳೆದು, ಪುಸ್ತಕದಲ್ಲಿ ನಾಲ್ವರ ಸಹಿಯಾದ ಮೇಲೆಯೇ ಕೀಲಿಕೈ ಹಸ್ತಾಂತರವಾಗಬೇಕು. ಪ್ರತಿ ರಾತ್ರಿ ಮರುದಿನ ಉಣ್ಣುವವರೆಷ್ಟು, ಊರಿಗೆ ಹೋಗುವವರೆಷ್ಟು, ಕಾಯಿಲೆಯಿಂದ ಗಂಜಿ ಬೇಕಾದವರೆಷ್ಟು ಎಂದು ಕೋಣೆ ಕೋಣೆಗೆ ಹೋಗಿ ಕೇಳಿ ಬರೆದುಕೊಂಡು, ಅದಕ್ಕೆ ತಕ್ಕಷ್ಟೇ ಹಿಟ್ಟು ಅಳೆದು ಕೊಡಬೇಕು. ಕೊಂಡ ತರಕಾರಿಗೆ ಪಾವತಿ ತರಬೇಕು, ಪಾವತಿ ಕೊಡದ ಸಂತೆಯ ಮುದುಕಿಯಿಂದ ಕೊಂಡಿದ್ದರೆ ಜೊತೆಗಾರನ ಸಾಕ್ಷಿ ಬರೆಸಬೇಕು. ರೋಜುಕೀರ್ದಿಯನ್ನು ಅಂದಂದೇ ಬರೆಯಬೇಕು. ತಿಂಗಳ ಕೊನೆಯ ಭಾನುವಾರ ಸಂಜೆ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೆದುರಿಗೆ ಲೆಕ್ಕ ಓದಬೇಕು. ಹದಿನಾರು ವರ್ಷದ ಹುಡುಗನೂ ಎದ್ದು ನಿಂತು, “ಅಣ್ಣಾ, ಎರಡನೆಯ ವಾರದಾಗ ಎಣ್ಣಿ ಯಾಕ ಇಷ್ಟು ಖರ್ಚಾತು?” ಎಂದು ಕೇಳಬಹುದಿತ್ತು. ಅದಕ್ಕೆ ಬಿ.ಎ. ಅಂತಿಮ ವರ್ಷದ ಅಣ್ಣ ಉತ್ತರ ಹೇಳಲೇಬೇಕಿತ್ತು.

ಆ ಕಾಲದ ಇಬ್ಬರು ಸಹಪಾಠಿಗಳು ನಮ್ಮ ನೆನಪಿನಲ್ಲಿದ್ದಾರೆ. ಒಬ್ಬನು ಮಾತೇ ಆಡದ ಒಕ್ಕಲಿಗರ ಮನೆಯ ಹುಡುಗ. ಅವನ ತಿಂಗಳಲ್ಲಿ ಅಕಾಲದ ಮಳೆ ಸುರಿದು, ಹಳ್ಳ ಕಟ್ಟಿ, ಭಕ್ತರ ಊರಿನಿಂದ ಬರಬೇಕಾಗಿದ್ದ ಕಾಳಿನ ಚಕ್ಕಡಿಗಳು ಬರಲಿಲ್ಲ. ಆತ ಸಂಜೆ ಎಲ್ಲರನ್ನೂ ಸೇರಿಸಿ, ಉಗ್ರಾಣದ ಬಾಗಿಲು ತೆರೆದಿಟ್ಟು, ಹಲಗೆಯ ಮೇಲೆ ಇರುವ ಜೋಳವೆಷ್ಟು, ದಿನಕ್ಕೆ ಬೇಕಾದದ್ದೆಷ್ಟು ಎಂದು ಬರೆದ. “ಗುರುವಾರದ ತನಕ ತಲೆಗೆ ಎರಡೇ ರೊಟ್ಟಿ. ಸಣ್ಣ ಹುಡುಗರಿಗೆ ಮಾತ್ರ ಮೂರು” ಎಂದ. ಅಷ್ಟೇ ಭಾಷಣ. ಗೊಣಗಿದವರು ಇರಲಿಲ್ಲವೆಂದಲ್ಲ, ಆದರೆ ಲೆಕ್ಕ ಕಣ್ಣೆದುರಿಗಿದ್ದುದರಿಂದ ಗೊಣಗಾಟ ಬೆಳೆಯಲಿಲ್ಲ. ಆ ನಾಲ್ಕು ದಿನವೂ ಆತ ಕೊನೆಯ ಪಂಕ್ತಿಗೇ ಕುಳಿತ.

ಮತ್ತೊಬ್ಬನು ಚರ್ಚಾಸ್ಪರ್ಧೆಗಳಲ್ಲಿ ಜಿಲ್ಲೆಗೇ ಹೆಸರಾದವನು. ಅವನ ತಿಂಗಳಲ್ಲಿಯೂ ಸಾಮಗ್ರಿ ಕಡಿಮೆಯಾಯಿತು. ತನ್ನ ಕಾಲದಲ್ಲಿ ಕೊರತೆಯಾಯಿತೆಂಬ ಅಪಕೀರ್ತಿಗೆ ಅಂಜಿ ಆತ ಯಾರಿಗೂ ಹೇಳದೆ ಅಂಗಡಿಯಲ್ಲಿ ಉದ್ರಿ ತಂದು ಎಂದಿನಂತೆ ಬಡಿಸಿದ. ಒಂದು ಸೋಮವಾರ ಹುಗ್ಗಿಯನ್ನೂ ಮಾಡಿಸಿದ. ಆ ತಿಂಗಳು ಅವನಷ್ಟು ಜನಪ್ರಿಯರು ಮತ್ತೊಬ್ಬರಿರಲಿಲ್ಲ. ತಿಂಗಳ ಕೊನೆಗೆ ಅಂಗಡಿಯವರು ಚೀಟಿ ಹಿಡಿದು ಬಂದರು. ನಿಲಯದ ಹಿರಿಯರು ಅವನನ್ನು ಹೊರಹಾಕಲಿಲ್ಲ, ಎಲ್ಲರೆದುರು ಬೈಯಲೂ ಇಲ್ಲ. ಅದೇ ಸಭೆಯಲ್ಲಿ ಲೆಕ್ಕವನ್ನು ತಿದ್ದಿ ಓದಿಸಿ, ಮುಂದಿನ ತಿಂಗಳು ಮೊದಲು ಹೇಳಿದ ಆ ಮೌನಿ ಹುಡುಗನ ಜೊತೆಯಲ್ಲಿ ಅವನನ್ನು ಸಂತೆಗೆ ಕಳಿಸಿದರು. ಉದ್ರಿ ತೀರುವವರೆಗೆ ನಾವೆಲ್ಲರೂ ಮಜ್ಜಿಗೆ ಬಿಟ್ಟೆವು. ಹುಗ್ಗಿಯ ರುಚಿಯ ನಿಜವಾದ ಬೆಲೆ ಎಷ್ಟೆಂಬುದು ನೂರಿಪ್ಪತ್ತು ಜನಕ್ಕೂ ಏಕಕಾಲಕ್ಕೆ ತಿಳಿದ ಪಾಠ ಅದು. ಇಂದು ರಾಜ್ಯಗಳ ಆಯವ್ಯಯ ಪತ್ರಗಳನ್ನು ವೃತ್ತಪತ್ರಿಕೆಗಳಲ್ಲಿ ಓದುವಾಗ ಆ ಹುಗ್ಗಿ ಕೆಲವೊಮ್ಮೆ ನೆನಪಾಗುವುದುಂಟು.

ಜವಾಬ್ದಾರಿಯು ಹೇಳಿ ಕೇಳಿ ಬರುವುದಿಲ್ಲ. ಸಿದ್ಧಗಂಗೆಯ ಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳು 1930ರಲ್ಲಿ ಮಠದ ಉತ್ತರಾಧಿಕಾರಕ್ಕೆ ಆಯ್ಕೆಯಾದಾಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ವಿದ್ಯಾರ್ಥಿ. ವಯಸ್ಸು ಇಪ್ಪತ್ಮೂರು ತುಂಬಿರಲಿಲ್ಲ. 2019ರಲ್ಲಿ ಲಿಂಗೈಕ್ಯರಾಗುವವರೆಗೆ ಅವರು ಹೊತ್ತ ಭಾರ ಎಂಥದೆಂದು ನಾಡು ಬಲ್ಲದು. ಬೆಳಗಾವಿಯಲ್ಲಿ 1916ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ, ‘ಸಪ್ತರ್ಷಿ’ಗಳೆಂದು ಹೆಸರಾದ ಏಳು ಜನರಲ್ಲಿ ಎಸ್.ಎಸ್. ಬಸವನಾಳ, ಎಂ.ಆರ್. ಸಾಖರೆಯವರಂಥವರು ಆಗಷ್ಟೇ ಕಾಲೇಜು ಮುಗಿಸಿದ್ದ ತರುಣರು. ಅವರು ಒಂದು ಶಾಲೆಯಿಂದ ಆರಂಭಿಸಿದ್ದು 1933ರ ಹೊತ್ತಿಗೆ ಲಿಂಗರಾಜ ಕಾಲೇಜಾಗಿ ಬೆಳೆಯಿತು. ಇಂಥವರನ್ನು ನಾವು ಭಾವಚಿತ್ರಗಳಲ್ಲಿ ನೋಡುವುದು ಮುಪ್ಪಿನ ಮುಖಗಳಲ್ಲಿ. ಆದ್ದರಿಂದ ಅವರು ಕೆಲಸ ಹಿಡಿದಾಗಿನ ಹರೆಯ ಮರೆತುಹೋಗುತ್ತದೆ, ನಮ್ಮ ಮನೆಯ ಇಪ್ಪತ್ತರ ಮಕ್ಕಳು ನಮಗೆ ಇನ್ನೂ ಕೂಸುಗಳಾಗಿಯೇ ಕಾಣುತ್ತಾರೆ.

ಊಟದ ಲೆಕ್ಕವೆಂದರೆ ಕ್ಷುಲ್ಲಕ ವಿಷಯವೆಂದು ಭಾವಿಸುವವರು ಗುಜರಾತಿನ ಒಂದು ಘಟನೆಯನ್ನು ಗಮನಿಸಬೇಕು. 1973ರ ಡಿಸೆಂಬರ್ ತಿಂಗಳಲ್ಲಿ ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ವಸತಿನಿಲಯದಲ್ಲಿ ಊಟದ ವೆಚ್ಚವನ್ನು ಶೇಕಡಾ 20ರಷ್ಟು ಏರಿಸಲಾಯಿತು. ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಜನವರಿಯ ಹೊತ್ತಿಗೆ ಅದು ಬೇರೆ ಕಾಲೇಜುಗಳಿಗೆ ಹಬ್ಬಿತು. ಧಾನ್ಯ ಎಣ್ಣೆಗಳ ಬೆಲೆಯೇರಿಕೆಯಿಂದ ಕಂಗೆಟ್ಟಿದ್ದ ನಗರದ ಮಧ್ಯಮವರ್ಗದವರೂ ಅಧ್ಯಾಪಕರೂ ಕಾರ್ಮಿಕರೂ ಸೇರಿಕೊಂಡರು. ‘ನವನಿರ್ಮಾಣ’ ಆಂದೋಲನವೆಂದು ಅದು ಪ್ರಸಿದ್ಧವಾಯಿತು. 1974ರ ಫೆಬ್ರವರಿ 9ರಂದು ಮುಖ್ಯಮಂತ್ರಿ ಚಿಮನಭಾಯಿ ಪಟೇಲರು ರಾಜೀನಾಮೆಯಿತ್ತರು, ಮಾರ್ಚ್ ತಿಂಗಳಲ್ಲಿ ವಿಧಾನಸಭೆಯೇ ವಿಸರ್ಜನೆಯಾಯಿತು. ಗೋಲಿಬಾರು ಗಲಭೆಗಳಲ್ಲಿ ಅನೇಕ ಜೀವಗಳೂ ಹೋದವು. ಒಂದು ಭೋಜನಾಲಯದ ಚೀಟಿಯಿಂದ ಒಂದು ಸರ್ಕಾರ ಬಿದ್ದಿತು.

ತರುಣರ ಆ ಧೈರ್ಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಸರ್ಕಾರವನ್ನು ಕೆಡವಿದ ಆ ವಿದ್ಯಾರ್ಥಿ ಸಮಿತಿಗಳು ಮುಂದೆ ಬಹುಕಾಲ ಉಳಿಯಲಿಲ್ಲ. ಅದೇ ಚಿಮನಭಾಯಿಯವರು 1990ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ಕೂಡಿ ಕೂಗುವುದಕ್ಕೆ ಒಂದು ವಾರ ಸಾಕು. ಕೂಡಿ ನಡೆಸುವುದಕ್ಕೆ ವರ್ಷಗಳ ರೂಢಿ ಬೇಕಾಗುತ್ತದೆ. ಬೆಲೆಯೇಕೆ ಏರಿತು, ಎಲ್ಲಿ ಸೋರಿತು ಎಂದು ಪುಸ್ತಕ ತೆರೆದು ಕೇಳುವ ಹಕ್ಕು ವಿದ್ಯಾರ್ಥಿಗಳಿಗೆ ದಿನನಿತ್ಯ ಇಲ್ಲದಿದ್ದಲ್ಲಿ, ಆ ಪ್ರಶ್ನೆ ಒಂದು ದಿನ ಬೀದಿಗೆ ಬಂದು ಕಲ್ಲಿನ ರೂಪದಲ್ಲಿ ಕೇಳಿಕೊಳ್ಳುತ್ತದೆ.

ಇನ್ನು ಕಾಲೇಜಿನ ವಿದ್ಯಾರ್ಥಿ ಸಂಘಗಳ ಮಾತು. ಸ್ವಾತಂತ್ರ್ಯ ಸಮರದ ಕಾಲದಲ್ಲಿ ಅವು ದೊಡ್ಡ ಪಾಠಶಾಲೆಗಳಾಗಿದ್ದವು. 1942ರಲ್ಲಿ ಮೈಸೂರಿನ ವಿದ್ಯಾರ್ಥಿ ಮುಂದಾಳಾಗಿ ಸೆರೆಮನೆಗೆ ಹೋದ ಎಚ್.ವೈ. ಶಾರದಾಪ್ರಸಾದರು ಮುಂದೆ ದೆಹಲಿಯಲ್ಲಿ ಪ್ರಧಾನಮಂತ್ರಿಗಳ ಮಾಧ್ಯಮ ಸಲಹೆಗಾರರಾಗಿ ದುಡಿದದ್ದನ್ನು ಹಿರಿಯ ಓದುಗರು ಬಲ್ಲರು. ಆಮೇಲಿನ ದಶಕಗಳಲ್ಲಿ ಸಂಘಗಳ ಚುನಾವಣೆಯೆಂದರೆ ಭಿತ್ತಿಪತ್ರ, ಬಾಡಿಗೆ ವಾಹನ, ಹೊರಗಿನ ಪಕ್ಷಗಳ ಹಣ, ಹೊಡೆದಾಟ ಎಂದಾಯಿತು. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ರಾಜ್ಯದಲ್ಲಿ ಕಾಲೇಜು ಚುನಾವಣೆಗಳನ್ನೇ ನಿಲ್ಲಿಸಲಾಯಿತು. ಬಹುತೇಕ ಕಡೆ ಹೆಚ್ಚು ಅಂಕ ಪಡೆದವರನ್ನು ಪ್ರಾಂಶುಪಾಲರೇ ಪ್ರತಿನಿಧಿಗಳನ್ನಾಗಿ ನೇಮಿಸುವ ಪದ್ಧತಿ ಬಂದಿತು. ತಂದೆತಾಯಿಗಳು ನಿಟ್ಟುಸಿರು ಬಿಟ್ಟರು. ಕಾಕತಾಳೀಯವೆಂಬಂತೆ, ಸಂವಿಧಾನದ 61ನೆಯ ತಿದ್ದುಪಡಿಯಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದೂ ಅದೇ 1989ರಲ್ಲಿ. ನಾಡನ್ನಾಳುವವರನ್ನು ಆರಿಸುವ ಅಧಿಕಾರ ಹದಿನೆಂಟರ ಹುಡುಗನಿಗೆ ಬಂದ ಕಾಲಕ್ಕೆ ತನ್ನ ತರಗತಿಯ ಪ್ರತಿನಿಧಿಯನ್ನು ಆರಿಸುವ ಅಧಿಕಾರ ಕೈತಪ್ಪಿತು!

ಸರ್ವೋಚ್ಚ ನ್ಯಾಯಾಲಯದ ಸೂಚನೆಯ ಮೇರೆಗೆ ರಚಿತವಾದ ಜೆ.ಎಂ. ಲಿಂಗ್ಡೊ ಸಮಿತಿಯ ಶಿಫಾರಸುಗಳು 2006ರಲ್ಲಿ ಹೊರಬಂದವು. ಅದೇ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ನ್ಯಾಯಾಲಯವು ಅವನ್ನು ಜಾರಿಗೆ ತರಲು ಆದೇಶಿಸಿತು. ಅದರಲ್ಲಿನ ವಿವೇಕವನ್ನು ನಮ್ಮ ಶಿಕ್ಷಣ ಸಂಸ್ಥೆಗಳವರು ಓದಬೇಕು. ಒಬ್ಬ ಅಭ್ಯರ್ಥಿಯ ವೆಚ್ಚ 5,000 ರೂಪಾಯಿ ಮೀರಕೂಡದು. ಅಚ್ಚು ಹಾಕಿಸಿದ ಭಿತ್ತಿಪತ್ರ ಕೂಡದು, ಕೈಯಿಂದ ಬರೆದದ್ದು ಮಾತ್ರ. ಶೇಕಡಾ 75ರ ಹಾಜರಾತಿ ಬೇಕು, ಹಿಂದಿನ ವಿಷಯಗಳು ಬಾಕಿಯಿರಬಾರದು. ಪದಾಧಿಕಾರಿಯ ಸ್ಥಾನಕ್ಕೆ ಜೀವಮಾನದಲ್ಲಿ ಒಂದೇ ಬಾರಿ ಸ್ಪರ್ಧಿಸಬಹುದು. ಫಲಿತಾಂಶ ಬಂದ ಎರಡು ವಾರಗಳೊಳಗೆ ಪರಿಶೋಧಿತ ಲೆಕ್ಕವನ್ನು ಒಪ್ಪಿಸಬೇಕು. ಈ ಕೊನೆಯ ನಿಯಮವನ್ನು ಓದಿದಾಗ ನಮಗೆ ತಿಂಗಳ ಕೊನೆಯ ಆ ಭಾನುವಾರದ ಸಭೆಯೇ ಕಣ್ಮುಂದೆ ಬಂದಿತು. ದೆಹಲಿ, ರಾಜಸ್ಥಾನ, ಪಂಜಾಬುಗಳ ವಿಶ್ವವಿದ್ಯಾಲಯಗಳಲ್ಲಿ ಈ ನಿಯಮಗಳ ಹೆಸರಿನಲ್ಲಿ ಚುನಾವಣೆ ನಡೆದಿವೆ, ನಿಯಮಗಳ ಉಲ್ಲಂಘನೆಯೂ ಧಾರಾಳವಾಗಿ ನಡೆದಿದೆ. ನಮ್ಮಲ್ಲಿ ಚುನಾವಣೆಯನ್ನು ಮತ್ತೆ ತರುವ ಮಾತು ಆಗಾಗ ಏಳುತ್ತದೆ, ಅಡಗುತ್ತದೆ. ಹಳೆಯ ಮಾದರಿಯ ಚುನಾವಣೆ ಮರಳಿ ಬರಲೆಂದು ನಾವೇನೂ ಹಂಬಲಿಸುವುದಿಲ್ಲ. ಆದರೆ ಅಂಕಪಟ್ಟಿಯನ್ನು ನೋಡಿ ಮುಂದಾಳನ್ನು ನೇಮಿಸುವುದು, ಧ್ವನಿ ಚೆನ್ನಾಗಿದೆಯೆಂದು ಒಬ್ಬನನ್ನು ವೈದ್ಯನನ್ನಾಗಿ ನೇಮಿಸಿದಂತೆ. ಆ ಪ್ರತಿನಿಧಿಗೆ ತನ್ನನ್ನು ಕಳಿಸಿದವರು ಯಾರೂ ಇಲ್ಲ, ಆದ್ದರಿಂದ ಉತ್ತರ ಹೇಳಬೇಕಾದವರೂ ಇಲ್ಲ.

ಚುನಾವಣೆ ನಿಂತರೆ ಜಾತಿಯ ಗುಂಪುಗಾರಿಕೆ ನಿಲ್ಲುತ್ತದೆಂದು ಅಂದು ಹೇಳಿದರು. ನಿಂತಿತೇ? ಸಮಾಜದ ಪತ್ರಿಕೆಯಲ್ಲಿ ಸಮಾಜದ ಮಾತನ್ನು ಮುಚ್ಚಿಡಬಾರದು. ನಮ್ಮ ಹಲವು ನಿಲಯಗಳಲ್ಲಿ ಒಳಪಂಗಡಕ್ಕೊಂದು ಕೋಣೆ, ಜಿಲ್ಲೆಗೊಂದು ಪಂಕ್ತಿ ಎಂಬಂತೆ ಮಕ್ಕಳು ಗುಂಪುಗಟ್ಟುವುದನ್ನು ನಾವು ಕಂಡಿದ್ದೇವೆ. ಅವರ ಹೆಸರು ಕೇಳುವ ಮೊದಲೇ ಅಡ್ಡಹೆಸರನ್ನು ಕೇಳುವ ಹಿರಿಯರಿಂದಲೇ ಅವರು ಇದನ್ನು ಕಲಿಯುತ್ತಾರೆ. ಇದಕ್ಕೆ ಉಪನ್ಯಾಸದ ಮದ್ದು ನಾಟುವುದಿಲ್ಲ. ಉಗ್ರಾಣಕ್ಕೆ ಇಬ್ಬರನ್ನು ನೇಮಿಸುವಾಗ ಬೇರೆ ಬೇರೆ ಕಡೆಯವರನ್ನು ಜೋಡಿ ಮಾಡಿದರೆ, ಒಂದೇ ಪುಸ್ತಕಕ್ಕೆ ಇಬ್ಬರೂ ಸಹಿ ಮಾಡಬೇಕಾದಾಗ, ಸಂತೆಯ ಚೀಲವನ್ನು ಎರಡು ಕಡೆಯಿಂದ ಹಿಡಿದು ನಡೆಯಬೇಕಾದಾಗ ಆ ಬಿಗುಮಾನ ಎಷ್ಟೋ ಸಡಿಲವಾಗುತ್ತದೆ. ಅನ್ಯ ಸಮಾಜಗಳ ಮಕ್ಕಳಿರುವ ನಿಲಯಗಳಲ್ಲಿ ಇದು ಇನ್ನೂ ಅಗತ್ಯ. ಅಲ್ಲಿ ಕೀಲಿಕೈ ಸದಾ ನಮ್ಮವರ ಕೈಯಲ್ಲೇ ಉಳಿದರೆ ದಾಸೋಹವೆಂಬ ದೊಡ್ಡ ಶಬ್ದವನ್ನು ಬಾಗಿಲ ಮೇಲೆ ಬರೆಸುವುದು ವ್ಯರ್ಥ.

ರಾಷ್ಟ್ರೀಯ ಸೇವಾ ಯೋಜನೆಯ ಬಗ್ಗೆ ಒಂದು ಮಾತು ಹೇಳಿ ಮುಂದುವರಿಯೋಣ. ಗಾಂಧೀ ಶತಮಾನೋತ್ಸವದ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾಲಯಗಳ 40,000 ಸ್ವಯಂಸೇವಕರೊಂದಿಗೆ ಅದು ಆರಂಭವಾಯಿತು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಹಳ್ಳಿಯಲ್ಲಿ ಏಳು ದಿನಗಳ ಶಿಬಿರ. ಶಿಬಿರದ ಅಡುಗೆ, ಹಣ, ಊರವರೊಡನೆ ಮಾತುಕತೆ ಇವನ್ನು ಮಕ್ಕಳಿಗೆ ಬಿಟ್ಟ ಅಧಿಕಾರಿಗಳ ಕೈಯಲ್ಲಿ ಅದು ಅಪೂರ್ವ ಸಾಧನ. ಎಲ್ಲವನ್ನೂ ಅಧ್ಯಾಪಕರೇ ಗೊತ್ತುಮಾಡಿ ಮಕ್ಕಳಿಗೆ ಪೊರಕೆ ಮಾತ್ರ ಕೊಟ್ಟರೆ ಆಗುವುದು ರಸ್ತೆಯ ಶುದ್ಧಿ ಮಾತ್ರ.

ಈಗ ನಮ್ಮ ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇವೆ. ಈ ಲೇಖನವನ್ನು ಬರೆಯಲು ಮುಖ್ಯ ಕಾರಣವೂ ಅದೇ. ನಮ್ಮ ರಾಜ್ಯದ 1983ರ ಕಾಯ್ದೆಯು ಪಂಚಾಯತಿಗಳಲ್ಲಿ ಮಹಿಳೆಯರಿಗೆ ಶೇಕಡಾ 25 ಸ್ಥಾನಗಳನ್ನು ಮೀಸಲಿಟ್ಟು, 1987ರ ಚುನಾವಣೆಯಲ್ಲಿ ಅದನ್ನು ಆಚರಣೆಗೆ ತಂದು ದೇಶಕ್ಕೇ ಮೇಲ್ಪಂಕ್ತಿಯಾಯಿತು. ಸಂವಿಧಾನದ 73ನೆಯ ತಿದ್ದುಪಡಿಯು ಮೂರರಲ್ಲೊಂದು ಭಾಗವನ್ನು ಇಡೀ ದೇಶಕ್ಕೆ ಕಡ್ಡಾಯ ಮಾಡಿತು. 2010ರಲ್ಲಿ ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. ಸುಮಾರು ಆರು ಸಾವಿರ ಗ್ರಾಮ ಪಂಚಾಯತಿಗಳುಳ್ಳ ನಾಡಿನಲ್ಲಿ ಅರ್ಧದಷ್ಟು ಸದಸ್ಯರು ಮಹಿಳೆಯರು. ಸ್ಪರ್ಧಿಸಲು ಬೇಕಾದ ವಯಸ್ಸು 21. ಎಂದರೆ ಇಂದು ನಮ್ಮ ಮಹಿಳಾ ವಿದ್ಯಾರ್ಥಿ ನಿಲಯದಲ್ಲಿ ಪದವಿಯ ಅಂತಿಮ ವರ್ಷದಲ್ಲಿರುವ ಹುಡುಗಿ ಮರುವರ್ಷವೇ ತನ್ನೂರಿನ ಪಂಚಾಯತಿಯ ಅಧ್ಯಕ್ಷೆಯಾಗಬಹುದು, ಲಕ್ಷಾಂತರ ರೂಪಾಯಿಗಳ ಚೆಕ್ಕಿನ ಮೇಲೆ ಸಹಿ ಮಾಡಬಹುದು.

ಅವಳಿಗೆ ನಾವು ನಿಲಯದಲ್ಲಿ ಏನನ್ನು ಕಲಿಸುತ್ತಿದ್ದೇವೆ? ಸಂಜೆ ಆರಕ್ಕೆ ಬಾಗಿಲು ಹಾಕುವುದನ್ನು. ಗಂಡುಮಕ್ಕಳ ನಿಲಯದಲ್ಲಿ ಹೆಸರಿಗಾದರೂ ಒಂದು ಭೋಜನ ಸಮಿತಿ ಇರುತ್ತದೆ. ಹೆಣ್ಣುಮಕ್ಕಳ ನಿಲಯಗಳಲ್ಲಿ ಉಗ್ರಾಣ, ಲೆಕ್ಕ, ಖರೀದಿ ಎಲ್ಲವೂ ಆಡಳಿತ ಮಂಡಳಿಯ ಗಂಡಸರ ಕೈಯಲ್ಲಿ. ಮನೆಯಲ್ಲಿ ಇಡೀ ಸಂಸಾರದ ಉಗ್ರಾಣವನ್ನು ಅವಳ ತಾಯಿ ನಡೆಸುತ್ತಾಳೆ, ಬರಗಾಲದಲ್ಲಿಯೂ ಒಲೆ ಆರದಂತೆ ನೋಡಿಕೊಳ್ಳುತ್ತಾಳೆ. ಆ ತಾಯಿಯ ಮಗಳಿಗೆ ನೂರು ಜನರ ಉಗ್ರಾಣ ನಡೆಸಲು ಬಾರದೆಂದು ನಾವು ಯಾವ ಆಧಾರದ ಮೇಲೆ ತೀರ್ಮಾನಿಸಿದೆವೋ ತಿಳಿಯದು. ಒಂದು ಮಹಿಳಾ ನಿಲಯದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಕೇಳಿದಳು: “ಅಜ್ಜಾರ, ಸ್ವಾಗತ ಗೀತೆಗೆ ನಮ್ಮನ್ನು ಕರೀತಾರ, ಹಾರ ಹಿಡಿಯಾಕ ಕರೀತಾರ. ಖರ್ಚಿನ ಸಭಾಕ್ಕ ಯಾಕ ಕರೆಯೂದಿಲ್ಲ?” ವೇದಿಕೆಯ ಮೇಲಿದ್ದ ಮಹನೀಯರು ನಕ್ಕರು. ಅವಳು ನಗಲಿಲ್ಲ. ಚುನಾಯಿತಳಾದ ಮಹಿಳೆಯ ಬದಲಿಗೆ ಅವಳ ಗಂಡ ಸಭೆಯಲ್ಲಿ ಕುಳಿತು ಮಾತನಾಡುವ ದೃಶ್ಯವನ್ನು ಊರೂರುಗಳಲ್ಲಿ ಕಂಡು ನಾವು ಮರುಗುತ್ತೇವೆ. ಆ ಕುರ್ಚಿಯನ್ನು ಅವಳು ಬಿಟ್ಟುಕೊಡಲು ಕಲಿತದ್ದು ಎಲ್ಲಿ ಎಂಬುದನ್ನು ಆ ಸಮಾರಂಭದ ಬಳಿಕ ನಾವು ಬಹಳ ಸಲ ಯೋಚಿಸಿದ್ದೇವೆ.

ಕೆಲವು ತಿಂಗಳುಗಳ ಹಿಂದೆ ಒಬ್ಬ ತಂದೆಯವರಿಂದ ಒಂದು ಪತ್ರ ಬಂದಿತ್ತು. “ಪೂಜ್ಯರಿಗೆ ಶರಣು ಶರಣಾರ್ಥಿಗಳು. ನಮ್ಮ ಚಿರಂಜೀವಿಯನ್ನು ನಿಲಯದ ಭೋಜನ ಸಮಿತಿಗೆ ಹಾಕಿರುತ್ತಾರೆ. ಅವನು ಓದುವುದಕ್ಕೆ ಹೋಗಿರುವನೇ ಹೊರತು ಬದನೆಕಾಯಿ ಕೊಳ್ಳುವುದಕ್ಕೆ ಅಲ್ಲ. ತಾವು ದಯಮಾಡಿ ಒಂದು ಮಾತು ಹೇಳಿ ಬಿಡಿಸಿಕೊಡಬೇಕು” ಎಂದು ಬರೆದಿದ್ದರು. ಸಾಲ ಮಾಡಿ ಮಗನನ್ನು ಓದಿಸುತ್ತಿರುವ ಒಕ್ಕಲುತನದ ಮನೆ. ಅವರ ಆತಂಕವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಉಗ್ರಾಣದ ಕೆಲಸ ದಿನಕ್ಕೆ ಒಂದು ಗಂಟೆಯನ್ನಾದರೂ ಕಬಳಿಸುತ್ತದೆ, ಸಂತೆಯ ದಿನ ಇನ್ನೂ ಹೆಚ್ಚು. ಪರೀಕ್ಷೆಯ ಕಾಲದಲ್ಲಿ ಅದು ಅನ್ಯಾಯವೇ. ಅಂತಿಮ ವರ್ಷದವರಿಗೆ ಕೊನೆಯ ನಾಲ್ಕು ತಿಂಗಳು ಯಾವ ಪಾಳಿಯನ್ನೂ ಹಾಕಬಾರದೆಂದು ನಿಲಯದವರಿಗೆ ನಾವು ಬರೆದದ್ದುಂಟು. ಆದರೆ ಆ ಹುಡುಗನು ಎರಡನೆಯ ವರ್ಷದವನು. ಆದ್ದರಿಂದ ಬಿಡಿಸಿಕೊಡಲು ನಾವು ಒಪ್ಪಲಿಲ್ಲ. ಮುಂದೆ ಒಂದು ಕಚೇರಿಯಲ್ಲಿ ಹತ್ತು ಜನರ ಮೇಲೆ ಅವನು ಅಧಿಕಾರಿಯಾದಾಗ ಅವನಿಗೆ ಬೇಕಾಗುವ ವಿದ್ಯೆಯಲ್ಲಿ ಬದನೆಕಾಯಿಯ ಪಾಲೂ ಇದೆಯೆಂದು ಉತ್ತರ ಬರೆದೆವು. ಅವರು ಮತ್ತೆ ಬರೆಯಲಿಲ್ಲ. ಒಪ್ಪಿದರೋ ಸಿಟ್ಟಾದರೋ ತಿಳಿಯದು.

ನಿಲಯಗಳನ್ನು ನಡೆಸುವ ಮಹನೀಯರಲ್ಲಿ ನಮ್ಮ ವಿನಂತಿ ಬೇರೆ ತರಹದ್ದು. ಮಕ್ಕಳಿಗೆ ಅಧಿಕಾರ ಕೊಟ್ಟ ಮೇಲೆ ಅವರು ಸಣ್ಣಪುಟ್ಟ ತಪ್ಪು ಮಾಡುವುದನ್ನು ಸಹಿಸುವ ಶಕ್ತಿ ಹಿರಿಯರಿಗೆ ಬೇಕು. ಅರ್ಧ ಚೀಲ ಅಕ್ಕಿ ಹೆಚ್ಚು ಕಡಿಮೆಯಾದೊಡನೆ ಕೀಲಿಕೈ ಕಸಿದುಕೊಂಡರೆ ಆ ವರ್ಷದ ಪಾಠವೆಲ್ಲ ಅಲ್ಲಿಗೇ ಮುಗಿಯಿತು. ದೊಡ್ಡ ಖರೀದಿಗಳಿಗೆ ಹಿರಿಯರ ಸಹಿ ಇರಲಿ, ಬ್ಯಾಂಕಿನ ಖಾತೆಯ ಮೇಲೆ ಕಣ್ಣಿರಲಿ. ಆದರೆ ವಾರದ ಕಾಯಿಪಲ್ಯ, ಹಾಲು, ಹಬ್ಬದ ವಿಶೇಷಗಳ ಹಣವನ್ನು ಅವರಿಗೇ ಬಿಡಬೇಕು. ಅವಧಿ ಚಿಕ್ಕದಿರಬೇಕು. ಒಬ್ಬನೇ ಮೂರು ವರ್ಷ ಕಾರ್ಯದರ್ಶಿಯಾಗಿದ್ದರೆ ಅವನು ಮುಂದಾಳಲ್ಲ, ಕಾರಕೂನನಾಗುತ್ತಾನೆ ಅಥವಾ ಪಾಳೇಗಾರನಾಗುತ್ತಾನೆ. ಸಭೆಯ ನಡಾವಳಿಯನ್ನು ಮೊದಲ ವರ್ಷದ ಮಕ್ಕಳಿಂದ ಬರೆಸುವುದು ಒಳ್ಳೆಯದು. ಎಲ್ಲರ ಮಾತನ್ನೂ ಕೇಳಿ, ಯಾರ ಮಾತನ್ನೂ ತಿರುಚದೆ ಬರೆಯುವ ಅಭ್ಯಾಸ ಆಗುತ್ತದೆ, ಕಿರಿಯರಿಗೆ ಸಭೆಯಲ್ಲಿ ಒಂದು ಸ್ಥಾನವೂ ದೊರೆಯುತ್ತದೆ.

ಕಿರಿಯರ ಸ್ಥಾನದ ಮಾತು ಬಂದಾಗ ರ್‍ಯಾಗಿಂಗ್ ಎಂಬ ಅನಿಷ್ಟವನ್ನು ನೆನೆಯಲೇಬೇಕಾಗುತ್ತದೆ. ಅದನ್ನು ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರಲ್ಲಿ ಕಟ್ಟುನಿಟ್ಟಿನ ನಿಯಮಾವಳಿಯನ್ನು ಹೊರಡಿಸಿತು. ದಂಡನೆಯ ಭಯ ಬೇಕು. ಅದರ ಜೊತೆಗೆ ಹಿರಿಯ ವಿದ್ಯಾರ್ಥಿಗೆ ಕಿರಿಯನ ಬಗ್ಗೆ ಹೊಣೆಯೊಂದನ್ನು ವಹಿಸಿದರೆ ಫಲ ಇನ್ನೂ ಹೆಚ್ಚು. ನಮ್ಮ ನಿಲಯದಲ್ಲಿ ಹೊಸದಾಗಿ ಬಂದವನಿಗೆ ಜ್ವರ ಬಂದರೆ ಔಷಧ ತರುವುದು, ಊರಿಗೆ ಪತ್ರ ಹಾಕುವುದು ಅವನ ಕೋಣೆಯ ಹಿರಿಯನ ಕರ್ತವ್ಯವಾಗಿತ್ತು. ಮಾಡದಿದ್ದರೆ ಭಾನುವಾರದ ಸಭೆಯಲ್ಲಿ ಅವನು ಕಾರಣ ಹೇಳಬೇಕಾಗುತ್ತಿತ್ತು.

ಇಂದು ಬಹಳಷ್ಟು ನಿಲಯಗಳಲ್ಲಿ ಊಟವನ್ನು ಗುತ್ತಿಗೆದಾರರಿಗೆ ವಹಿಸಲಾಗಿದೆ. ತಟ್ಟೆಗಿಷ್ಟು ಎಂದು ದರ, ತಿಂಗಳಿಗೊಂದು ಚೀಟಿ, ಮೊಬೈಲಿನಲ್ಲಿ ಪಾವತಿ. ಆಡಳಿತ ಮಂಡಳಿಗೆ ತಲೆನೋವಿಲ್ಲ, ವಿದ್ಯಾರ್ಥಿಗಳಿಗೆ ಪಾಳಿಯಿಲ್ಲ. ಸಾರು ನೀರಾದರೆ ಗೋಡೆಯ ಮೇಲೆ ಬೈಗುಳ ಬರೆಯುವುದನ್ನು ಬಿಟ್ಟರೆ ಅವರಿಗೆ ಬೇರೆ ಮಾರ್ಗವೂ ಇಲ್ಲ. ಗುತ್ತಿಗೆಯನ್ನು ಒಮ್ಮೆಲೇ ರದ್ದುಮಾಡಿ ಎಂದು ನಾವು ಹೇಳುವುದಿಲ್ಲ, ಅಡುಗೆಯವರು ಸಿಗದ ಕಷ್ಟ ನಮಗೂ ಗೊತ್ತು. ಬರುವ ಜೂನ್ ತಿಂಗಳಲ್ಲಿ ಗುತ್ತಿಗೆಯ ಕರಾರನ್ನು ಬರೆಯುವಾಗ ತರಕಾರಿ ಹಾಲುಗಳ ಖರೀದಿಯನ್ನು ಅದರಿಂದ ಹೊರಗಿಟ್ಟು, ಇಬ್ಬರು ವಿದ್ಯಾರ್ಥಿಗಳಿಗೆ, ಮಹಿಳಾ ನಿಲಯವಾದರೆ ಇಬ್ಬರು ವಿದ್ಯಾರ್ಥಿನಿಯರಿಗೆ, ಒಂದೊಂದು ತಿಂಗಳ ಮಟ್ಟಿಗೆ ವಹಿಸಿ ನೋಡಬಹುದು. ಒಂದು ಪುಸ್ತಕ, ಒಂದು ಹಲಗೆ, ತಿಂಗಳ ಕೊನೆಗೆ ಒಂದು ಸಭೆ ಇಷ್ಟಿದ್ದರೆ ಆರಂಭಕ್ಕೆ ಸಾಕು. ಹೀಗೆ ಮಾಡಿದ ನಿಲಯಗಳವರು ದೀಪಾವಳಿಯ ಹೊತ್ತಿಗೆ ತಮ್ಮ ಅನುಭವವನ್ನು, ಕೊರತೆಯ ಲೆಕ್ಕವನ್ನೂ ಮುಚ್ಚಿಡದೆ, ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಿದರೆ ಇದೇ ಪುಟದಲ್ಲಿ ಅದನ್ನು ಚರ್ಚಿಸೋಣ.